ಗುಡ್ಡದ ಜೀಪೂ ಗೃಹಸ್ಥನ ವ್ರತವೂ

ಪರಿಗ್ರಹದ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ವಸ್ತುಗಳನ್ನು ಎಣಿಸಲಿಲ್ಲ; ವಸ್ತುವಿನ ಮೇಲಣ ಮೂರ್ಛೆಯನ್ನು ಹೆಸರಿಸಿದರು. ಈ ಸೂಕ್ಷ್ಮವನ್ನೇ ಹಿಡಿದುಕೊಂಡು, 'ಮನಸ್ಸಿನಲ್ಲಿ ಮೋಹವಿಲ್ಲದಿದ್ದರೆ ಮನೆಯಲ್ಲಿ ಏನಿದ್ದರೇನು, ಎಷ್ಟಿದ್ದರೇನು?' ಎಂದು ಕೇಳುವವರುಂಟು. ಪ್ರಶ್ನೆ ಸುಲಭದ್ದಲ್ಲ. ಈ ಕಾಲದ ಒಂದು ವಸ್ತುವನ್ನು ಮುಂದಿಟ್ಟುಕೊಂಡು ಅದನ್ನು ವಿವೇಚಿಸಬಹುದು. ಗುಡ್ಡಗಾಡಿನಲ್ಲಿ ಓಡುವ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ದೊರೆಯುವ ಜೀಪು ಅಂತಹ ವಸ್ತು.

ಮಹೀಂದ್ರ ಸಂಸ್ಥೆ 1947ರಲ್ಲಿ ಭಾರತದಲ್ಲಿ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಮುಂದೆ ಮಲೆನಾಡಿನ ಬದುಕಿಗೆ ಈ ವಾಹನ ಹೊಂದಿಕೊಂಡ ಬಗೆ ಎಲ್ಲರೂ ಬಲ್ಲದ್ದೇ. ಕಳಸ, ಸಂಸೆ, ಕೊಪ್ಪದ ಕಡೆ ಒಂಟಿ ಮನೆಗಳಿಗೆ ಗೊಬ್ಬರ ಹೋಗುವುದೂ, ಅಡಕೆ ಕಾಫಿ ಇಳಿದು ಬರುವುದೂ, ಸುರಿಯುವ ಮಳೆಯಲ್ಲಿ ಗರ್ಭಿಣಿ ಆಸ್ಪತ್ರೆ ಸೇರುವುದೂ ಜೀಪಿನಿಂದಲೇ. ಅದರ ಚಕ್ರದಡಿ ಜೀವಹಿಂಸೆ ಇಲ್ಲವೆಂದಲ್ಲ. ಆದರೆ ಅದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ, ಉದ್ಯೋಗಿ ಹಿಂಸೆ, ಸಂಕಲ್ಪೀ ಹಿಂಸೆಯಲ್ಲ.

ಅದೇ ಜೀಪು ಅದೇ ಹಳ್ಳದಲ್ಲಿ ಭಾನುವಾರದ ಕ್ರೀಡೆಗಾಗಿ ಇಳಿದರೆ? ಹಳ್ಳದ ಕಪ್ಪೆಗೆ ಎರಡೂ ಒಂದೇ ಸಾವು. ಸವಾರನ ಆತ್ಮಕ್ಕೆ ಮಾತ್ರ ಎರಡೂ ಒಂದಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದಗಳನ್ನು ವಿವರಿಸುತ್ತ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದನ್ನೂ, ಗಿಡಮರಗಳನ್ನು ಕಡಿಯುವುದನ್ನೂ, ವೃಥಾ ತಿರುಗುವುದನ್ನೂ ಪ್ರಮಾದಚರ್ಯೆ ಎಂದು ಕರೆದಿದ್ದಾರೆ. ಕೆಸರಿನಲ್ಲಿ ಸುಮ್ಮನೆ ಸುತ್ತುವ ಚಕ್ರ ಇವೆಲ್ಲವನ್ನೂ ಒಂದೇ ಗಳಿಗೆಯಲ್ಲಿ ಮಾಡುತ್ತದೆ. ಅದು ತೋಡಿದ ಜಾಡಿನಲ್ಲಿ ಮಳೆಯ ನೀರು ಹರಿದು, ಗುಡ್ಡದ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಇನ್ನೊಂದು ಮಾತು. ನೆಲದ ಮೇಲೆ ಜೀವರಾಶಿ ಹೆಚ್ಚುವ ಕಾಲವೆಂದು ಮುನಿಗಳು ಮಳೆಗಾಲದಲ್ಲಿ ವಿಹಾರವನ್ನೇ ನಿಲ್ಲಿಸಿ ಚಾತುರ್ಮಾಸ ಮಾಡುತ್ತಾರೆ. ಕೆಸರಿನ ಕ್ರೀಡೆ ಹುಡುಕುವುದು ಸರಿಯಾಗಿ ಆ ತಿಂಗಳುಗಳನ್ನೇ.

ಮಾರ್ಪಾಡಿನ ವಿಷಯವೂ ಹೀಗೆಯೇ. ದಪ್ಪ ಟೈರು, ಎತ್ತರಿಸಿದ ಸ್ಪ್ರಿಂಗು, ಮುಂದೆ ಕಬ್ಬಿಣದ ತಡೆ, ಮರಕ್ಕೆ ಕಟ್ಟಿ ಎಳೆಯುವ ವಿಂಚು: ಒಂದು ಬಂದಾಗ ಇನ್ನೊಂದು ಬೇಕೆನಿಸುತ್ತದೆ. ಎತ್ತರಿಸಿದ ಗಾಡಿಯ ಭಾರಕೇಂದ್ರವೂ ಮೇಲೇರಿ ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ. ದೊಡ್ಡ ಟೈರಿನಿಂದ ಬ್ರೇಕಿನ ಹಿಡಿತ ತಗ್ಗುತ್ತದೆ. ಮುಂದಿನ ಕಬ್ಬಿಣದ ತಡೆ ದಾರಿಹೋಕನ ಪೆಟ್ಟನ್ನು ಘೋರವಾಗಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ರಾಜ್ಯದ ಕಟ್ಟಳೆಯನ್ನು ಮೀರುವುದು ಅಚೌರ್ಯವ್ರತಕ್ಕೆ ಅತಿಚಾರವೆಂಬುದನ್ನು ಶ್ರಾವಕನು ಮರೆಯಬಾರದು. ಪರಿಗ್ರಹ ಪರಿಮಾಣವ್ರತದ ಅತಿಚಾರಗಳಲ್ಲಿ ಸಮಂತಭದ್ರರು ಮೊದಲು ಹೆಸರಿಸುವುದು ಅತಿವಾಹನವನ್ನು. ಎತ್ತು ಮೊದಲಾದವುಗಳನ್ನು ಶಕ್ತಿಮೀರಿ ನಡೆಸುವುದು ಅದರ ಮೂಲಾರ್ಥ. ಯಂತ್ರ ಅಜೀವ, ಅದಕ್ಕೆ ನೋವಿಲ್ಲ. ಆದರೆ ಮಿತಿಮೀರಿ ನಡೆಸುವ ಲೋಭ ಬದಲಾಗಿಲ್ಲ.

ಹಾಗಾದರೆ ವಾಹನವನ್ನು ಜತನದಿಂದ ನೋಡಿಕೊಳ್ಳುವುದೂ ಮೋಹವೇ? ಅಲ್ಲ. ಹಳ್ಳ ದಾಟಿದ ಮೇಲೆ ಬ್ರೇಕನ್ನು ಒಣಗಿಸುವುದು, ಆಕ್ಸಲಿನೊಳಗೆ ನೀರು ಸೇರಿ ಎಣ್ಣೆ ಹಾಲಿನಂತಾಗಿದೆಯೇ ಎಂದು ನೋಡುವುದು, ಕೀಲುಗಳಿಗೆ ಗ್ರೀಸು ತುಂಬುವುದು, ಸೋರುವ ಎಣ್ಣೆ ತೋಡಿನ ನೀರಿಗೆ ಬೀಳದಂತೆ ತಡೆಯುವುದು ಇವು ಅಪ್ರಮಾದದ ಕೆಲಸಗಳು. ಯತ್ನಾಚಾರವಿಲ್ಲದ ಗಾಡಿ ಘಟ್ಟದ ಇಳಿಜಾರಿನಲ್ಲಿ ಪರರ ಪ್ರಾಣಕ್ಕೆರವಾಗುತ್ತದೆ. ಹಳೆಯ ಜೀಪನ್ನೇ ದುರಸ್ತಿ ಮಾಡಿ ನಡೆಸುವವನು ಹೊಸದರ ಆಸೆಯನ್ನೂ ಗೆದ್ದಂತೆ. ಪಾಲನೆಗೂ ಮೂರ್ಛೆಗೂ ಇರುವ ಅಂತರ ತಿಳಿಯುವುದು ಬೇರೊಂದು ಗಳಿಗೆಯಲ್ಲಿ. ನೆರೆಮನೆಯ ರೋಗಿಗಾಗಿ ನಡುರಾತ್ರಿ ಕೀಲಿಕೈ ಕೇಳಿದಾಗ ಒಡೆಯನಿಗೆ ಮೊದಲು ನೆನಪಾಗುವುದು ರೋಗಿಯೋ, ಗಾಡಿಯ ಹೊಸ ಬಣ್ಣವೋ? ಈ ಪ್ರಶ್ನೆಗೆ ಅವನೊಬ್ಬನೇ ಉತ್ತರ ಹೇಳಬಲ್ಲ.

ಮನಸ್ಸು ತನ್ನನ್ನು ತಾನೇ ವಂಚಿಸಿಕೊಳ್ಳಬಲ್ಲದು, ಎಣಿಕೆ ವಂಚಿಸದು. ಆದುದರಿಂದಲೇ ಆಚಾರ್ಯರು ಗೃಹಸ್ಥನಿಗೆ 'ಮೋಹವನ್ನು ಬಿಡು' ಎಂದಷ್ಟೇ ಹೇಳದೆ ಪರಿಮಾಣವನ್ನೂ ವಿಧಿಸಿದರು. ಇಷ್ಟೇ ವಾಹನ, ಈ ಕೆಲಸಕ್ಕೆ ಮಾತ್ರ, ಈ ದಾರಿಯವರೆಗೆ, ಚಾತುರ್ಮಾಸದಲ್ಲಿ ಅಗತ್ಯಕ್ಕಲ್ಲದೆ ಇಲ್ಲ ಎಂಬ ನಿಯಮ ಯಾವ ಮನೆಗೂ ಭಾರವಲ್ಲ. ಅಲಂಕಾರಕ್ಕೆ ಉಳಿದ ಹಣ ಔಷಧದಾನಕ್ಕೆ ಸಂದೀತು. ಬಿಡುವಾದ ಜೀಪು ಬೆಟ್ಟದ ಬಸದಿಗೆ ವೃದ್ಧರನ್ನು ಕರೆದೊಯ್ದೀತು. ಆಗ ಜೀಪು ಮನೆಯಲ್ಲಿದ್ದರೂ ಮನಸ್ಸಿಗೆ ಹೊರೆಯಾಗದು.