ಸಾಲು ಕಾಣದ ಸರದಿ

ನಮ್ಮೂರಿನ ಬಸ್ ಸ್ಟ್ಯಾಂಡ್ ನೋಡಿದವರಿಗೆ "ಟವೆಲ್ ಹಾಕೋದು" ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲೇ ಹುಟ್ಟಿ ಕನ್ನಡ ಕಲಿಯುತ್ತಿರುವವರಿಗಾಗಿ ಹೇಳ್ತೀನಿ. ಬಸ್ಸು ಇನ್ನೂ ಸರಿಯಾಗಿ ನಿಂತಿರಲ್ಲ, ಜನ ಬಾಗಿಲ ಕಡೆ ನುಗ್ತಾರೆ. ಒಬ್ಬ ಮಾತ್ರ ಕಿಟಕಿಯಿಂದ ಕೈ ತೂರಿಸಿ ಸೀಟಿನ ಮೇಲೆ ಟವೆಲ್ ಎಸೀತಾನೆ. ಆಮೇಲೆ ನಿಧಾನಕ್ಕೆ ಹತ್ತಿ ಬಂದು, "ಇಲ್ಲಿ ಟವೆಲ್ ಹಾಕಿದ್ದೆ" ಅಂತಾನೆ. ಅಷ್ಟರಲ್ಲಿ ಅಲ್ಲಿ ಕೂತವರು ಗೊಣಗಿಕೊಂಡಾದರೂ ಏಳ್ತಾರೆ. ಈಗ ಈ ಮಾತು ರಾಜಕೀಯಕ್ಕೂ ಬಂದಿದೆ. ಮಂತ್ರಿ ಕುರ್ಚಿಗೆ ಯಾರು ಟವೆಲ್ ಹಾಕಿದ್ದಾರೆ ಅಂತ ಪತ್ರಿಕೆಗಳಲ್ಲಿ ಓದ್ತೀವಿ.

ಒಂದು ತುಂಡು ಬಟ್ಟೆಗೆ ಇನ್ನೊಬ್ಬರನ್ನು ಎಬ್ಬಿಸುವ ಅಧಿಕಾರ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ನಾನು ಗಂಭೀರವಾಗಿ ಕೇಳಿಕೊಂಡದ್ದು ಅಮೆರಿಕದಲ್ಲಿ ಒಂದು ಟ್ರಕ್‌ಗಾಗಿ ಕಾಯುವಾಗ.

ನಾವು ಹ್ಯೂಸ್ಟನ್ ಹೊರಗೆ ಸ್ವಲ್ಪ ಜಮೀನಿನಲ್ಲಿ ಬೆಂಡೆ, ಹೀರೆ, ಬದನೆ, ಮೆಂತ್ಯ ಬೆಳೆದು ಇಂಡಿಯನ್ ಅಂಗಡಿಗಳಿಗೆ ಹಾಕ್ತೀವಿ. ಹಳೇ ಟ್ರಕ್ ಕೈಕೊಡುತ್ತಿತ್ತು. 2021ರ ನವೆಂಬರ್‌ನಲ್ಲಿ ಹತ್ತಿರದ ಡೀಲರ್ ಹತ್ತಿರ ಹೋಗಿ, ಟ್ರೇಲರ್ ಎಳೆಯೋಕೆ ಬೇಕಾದ ಎಂಜಿನ್, ಆಕ್ಸಲ್, ಎಲ್ಲ ಆಯ್ದು ಫ್ಯಾಕ್ಟರಿ ಆರ್ಡರ್ ಕೊಟ್ಟೆವು. 500 ಡಾಲರ್ ಮುಂಗಡ. ಅದು ನಮ್ಮ ಟವೆಲ್. "ನಾಲ್ಕು ತಿಂಗಳು, ಹೆಚ್ಚೆಂದರೆ ಐದು" ಅಂದರು. ಎಂಟು ತಿಂಗಳಾದರೂ ಬರಲಿಲ್ಲ. ಆದರೆ ಪ್ರತಿ ಸಲ ಹೋದಾಗಲೂ ಅದೇ ಡೀಲರ್ ಅಂಗಳದಲ್ಲಿ ಅದೇ ಮಾಡೆಲ್‌ನ ನಾಲ್ಕೈದು ಹೊಸ ಟ್ರಕ್ ಹೊಳೀತಾ ನಿಂತಿರ್ತಿದ್ದವು. ಕಂಪನಿ ಹಚ್ಚಿದ ಬೆಲೆ ಚೀಟಿಯ ಪಕ್ಕದಲ್ಲಿ ಡೀಲರ್ ಹಚ್ಚಿದ ಇನ್ನೊಂದು ಚೀಟಿ: 7,000 ಡಾಲರ್ ಜಾಸ್ತಿ. "ಅರ್ಜೆಂಟ್ ಇದ್ದರೆ ಇವತ್ತೇ ತಗೊಂಡು ಹೋಗಿ ಸಾರ್" ಅಂತ ನಗುಮುಖದ ಸಲಹೆ ಬೇರೆ.

ನನಗೆ ಬಂದ ಸಿಟ್ಟು ನಿಮಗೂ ಅರ್ಥವಾಗುತ್ತೆ ಅಂದುಕೊಳ್ತೀನಿ. ಮೊದಲು ಬಂದವನು ನಾನು. ನಿನ್ನೆ ಬಂದವನು ದುಡ್ಡು ಜಾಸ್ತಿ ಕೊಟ್ಟು ಮನೆಗೆ ಓಡಿಸಿಕೊಂಡು ಹೋಗ್ತಾನೆ. ಇದು ಅನ್ಯಾಯ ಅಲ್ಲವಾ?

ಸಿಟ್ಟು ಸರಿಯೋ ತಪ್ಪೋ ಅಂತ ಹೇಳೋಕೆ ಮುಂಚೆ ಒಳಗಿನ ವ್ಯವಸ್ಥೆ ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ ಹೊಸ ಗಾಡಿಗಳನ್ನು ಬಹುಪಾಲು ಸ್ವತಂತ್ರ ಡೀಲರ್‌ಗಳೇ ಮಾರಬೇಕು. ಅನೇಕ ರಾಜ್ಯಗಳ ಕಾನೂನು ಈ ಡೀಲರ್‌ಗಳಿಗೆ ರಕ್ಷಣೆ ಕೊಡುತ್ತೆ. ಅಂದರೆ ಫ್ಯಾಕ್ಟರಿಯ ಗಿರಾಕಿ ನಾನಲ್ಲ, ಡೀಲರ್. ಫ್ಯಾಕ್ಟರಿ ಡೀಲರ್‌ಗಳಿಗೆ ಇಷ್ಟಿಷ್ಟು ಗಾಡಿ ಅಂತ ಪಾಲು ಹಂಚುತ್ತೆ, ಹೆಚ್ಚಾಗಿ ಹಿಂದೆ ಯಾರು ಎಷ್ಟು ಬೇಗ ಮಾರಿದರು ಅನ್ನೋದನ್ನು ನೋಡಿ. ನನ್ನ ಆರ್ಡರ್ ಕೂಡ ನನ್ನ ಡೀಲರ್‌ನ ಆ ಪಾಲಿನಲ್ಲೇ ಜಾಗ ಹಿಡೀಬೇಕು. ಸಣ್ಣ ಡೀಲರ್‌ಗೆ ಪಾಲು ಕಡಿಮೆ. ಹಾಗಾಗಿ ಅಲ್ಲಿ ಮೊದಲು ಆರ್ಡರ್ ಕೊಟ್ಟವನಿಗಿಂತ, ದೊಡ್ಡ ಡೀಲರ್ ಹತ್ತಿರ ಆಮೇಲೆ ಕೊಟ್ಟವನಿಗೆ ಮೊದಲು ಗಾಡಿ ಬರಬಹುದು. ಒಂದೇ ಸಾಲು ಅಂತ ನಾವು ಅಂದುಕೊಂಡಿರ್ತೀವಿ. ನಿಜಕ್ಕೂ ಅಲ್ಲಿರೋದು ಸಾವಿರಾರು ಸಣ್ಣ ಸಾಲುಗಳು.

ಇನ್ನೊಂದು ಕಾರಣ ಬಿಡಿಭಾಗಗಳದ್ದು. ನಾನು ಕೇಳಿದ ಆಕ್ಸಲ್ ಅಥವಾ ಎಂಜಿನ್‌ಗೆ ಕೊರತೆ ಇದ್ದರೆ ನನ್ನ ಆರ್ಡರ್ ಅಲ್ಲೇ ಕೂತಿರುತ್ತೆ, ಸಿಗುವ ಭಾಗಗಳಿಂದ ಆಗುವ ಟ್ರಕ್ ಮುಂದೆ ಹೋಗುತ್ತೆ. 2021ರಲ್ಲಿ ಚಿಪ್‌ಗಳ ಬರ ಬಂದಾಗ ಫೋರ್ಡ್ ಕಂಪನಿ ಚಿಪ್ ಇಲ್ಲದೆಯೇ ಕಟ್ಟಿದ ಸಾವಿರಾರು ಟ್ರಕ್‌ಗಳನ್ನು ಕೆಂಟಕಿಯ ರೇಸ್ ಟ್ರ್ಯಾಕ್ ಒಂದರ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿತ್ತು. 2022ರ ಜನವರಿಯಲ್ಲಿ ತನ್ನ ಸಣ್ಣ ಟ್ರಕ್ ಮ್ಯಾವರಿಕ್‌ಗೆ ಆ ವರ್ಷದ ಆರ್ಡರ್ ತಗೊಳ್ಳೋದನ್ನೇ ನಿಲ್ಲಿಸಿತು. ಮೂರನೆಯದಾಗಿ, ಅಂಗಳದಲ್ಲಿ ನಿಂತ ಟ್ರಕ್‌ಗಳನ್ನು ಡೀಲರ್ ಎಷ್ಟೋ ತಿಂಗಳ ಹಿಂದೆಯೇ ತನ್ನ ಲೆಕ್ಕಕ್ಕೆ ಆರ್ಡರ್ ಮಾಡಿರಬಹುದು. ಅವು ಅಲ್ಲಿರುವಷ್ಟು ದಿನವೂ ಸಾಲದ ಬಡ್ಡಿ ಕಟ್ಟುವವನು ಅವನೇ.

ಇಷ್ಟು ತಿಳಿದ ಮೇಲೆ ಸಿಟ್ಟು ಅರ್ಧ ಇಳೀತು. ಅಂಗಳದ ಟ್ರಕ್ ನನ್ನಿಂದ ಕಿತ್ತುಕೊಂಡದ್ದು ಆಗಿರಲೇಬೇಕು ಅಂತೇನಿಲ್ಲ. ಉಳಿದ ಅರ್ಧ ಆ 7,000 ಡಾಲರ್‌ನದ್ದು.

ಇದರ ಬಗ್ಗೆ ಒಂದು ಹಳೇ ಅಧ್ಯಯನ ಇದೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ 1986ರಲ್ಲಿ ಪ್ರಕಟಿಸಿದ್ದು. ಕೆನಡಾದ ಜನಕ್ಕೆ ಫೋನ್ ಮಾಡಿ ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದು ನಮ್ಮ ವಿಷಯಕ್ಕೇ ಹೇಳಿ ಮಾಡಿಸಿದ ಹಾಗಿದೆ. ಒಂದು ಕಾರಿಗೆ ಕೊರತೆ ಬಂದಿದೆ, ಎರಡು ತಿಂಗಳು ಕಾಯಬೇಕು. ಇಷ್ಟು ದಿನ ಪಟ್ಟಿ ಬೆಲೆಗೆ ಮಾರುತ್ತಿದ್ದ ಡೀಲರ್ ಈಗ 200 ಡಾಲರ್ ಜಾಸ್ತಿ ಕೇಳ್ತಾನೆ. ಸರೀನಾ? 71% ಜನ ಅನ್ಯಾಯ ಅಂದರು. ಬೇರೆಯವರಿಗೆ ಪ್ರಶ್ನೆ ಸ್ವಲ್ಪ ಬದಲಾಯಿಸಿ ಕೇಳಿದರು. ಇಷ್ಟು ದಿನ 200 ಡಾಲರ್ ರಿಯಾಯಿತಿ ಕೊಡುತ್ತಿದ್ದ ಡೀಲರ್ ಈಗ ಅದನ್ನು ನಿಲ್ಲಿಸಿ ಪಟ್ಟಿ ಬೆಲೆಗೇ ಮಾರ್ತಾನೆ. ಈಗ 58% ಜನ ಪರವಾಗಿಲ್ಲ ಅಂದರು. ಎರಡೂ ಕಡೆ ಗಿರಾಕಿಯ ಜೇಬಿನಿಂದ ಹೋಗೋದು ಅದೇ 200 ಡಾಲರ್!

ಅಂದರೆ ಪಟ್ಟಿ ಬೆಲೆಯನ್ನು ನಾವು ನಮಗೆ ಸೇರಬೇಕಾದದ್ದು ಅಂತ ಅಂದುಕೊಂಡಿರ್ತೀವಿ. ಗಾಡಿಯ ಗಾಜಿಗೆ ಬೆಲೆ ಚೀಟಿ ಹಚ್ಚಲೇಬೇಕು ಅನ್ನುವ ಕಾನೂನು ಇಲ್ಲಿ ಬಂದದ್ದು 1958ರಲ್ಲಿ. ಆದರೆ ಆ ಚೀಟಿಯಲ್ಲಿರೋದು ಕಂಪನಿ ಸೂಚಿಸಿದ ಬೆಲೆ ಮಾತ್ರ. ಡೀಲರ್ ಅದಕ್ಕಿಂತ ಜಾಸ್ತಿ ಕೇಳಬಾರದು ಅಂತ ಕಾನೂನು ಹೇಳಲ್ಲ. 2022ರ ಆರಂಭದಲ್ಲಿ ಫೋರ್ಡ್, ಜನರಲ್ ಮೋಟರ್ಸ್ ಎರಡೂ ತಮ್ಮ ಡೀಲರ್‌ಗಳಿಗೆ ಎಚ್ಚರಿಕೆ ಕೊಟ್ಟವು. ಆದರೆ ಅಂಗಡಿ ಡೀಲರ್‌ನದ್ದು.

ಇಲ್ಲಿಗೆ ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರು ಬಂದರೆ ಹೇಳ್ತಾರೆ: "ಹೆಚ್ಚು ಬೆಲೆ ಕೊಡೋನಿಗೆ ಅದರ ಅಗತ್ಯ ಹೆಚ್ಚು, ಅವನಿಗೇ ಹೋಗಲಿ." ಮೈಕಲ್ ಸ್ಯಾಂಡೆಲ್ 2012ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಉತ್ತರ ಕೊಡ್ತಾರೆ. ಹೆಚ್ಚು ಕೊಡುವವನಿಗೆ ಆಸೆ ಹೆಚ್ಚಿರಬಹುದು ಅಥವಾ ಬರೀ ದುಡ್ಡು ಹೆಚ್ಚಿರಬಹುದು. ಬೆಲೆ ನೋಡಿ ಯಾವುದು ಅಂತ ಹೇಳೋಕಾಗಲ್ಲ. ಈ ಉತ್ತರ ನನಗೆ ಇಷ್ಟವಾಯಿತು. ಇಷ್ಟವಾದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಅಪ್ಪನ ಸ್ಕೂಟರ್ ನೆನಪಾಯಿತು.

1970, 80ರ ದಶಕದ ಭಾರತದಲ್ಲಿ ಸ್ಕೂಟರ್‌ಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಿತ್ತು. ಎಷ್ಟು ಗಾಡಿ ಮಾಡಬಹುದು ಅನ್ನೋದನ್ನು ಸರ್ಕಾರದ ಲೈಸೆನ್ಸ್ ನಿರ್ಧರಿಸುತ್ತಿತ್ತು. ಬೇಡಿಕೆ ಇದೆ ಅಂತ ಕಾರ್ಖಾನೆಯವರು ತಮ್ಮಿಷ್ಟಕ್ಕೆ ಹೆಚ್ಚು ಮಾಡುವ ಹಾಗಿರಲಿಲ್ಲ. ಆದರೆ ಒಂದು ಪಕ್ಕದ ಬಾಗಿಲು ಇತ್ತು. ವಿದೇಶಿ ವಿನಿಮಯದಲ್ಲಿ ದುಡ್ಡು ಕಟ್ಟಿದರೆ ಸರದಿ ಬಿಟ್ಟು ಬೇಗ ಸಿಗುತ್ತಿತ್ತು. ದೇಶಕ್ಕೆ ಡಾಲರ್ ಬೇಕಿತ್ತು, ಅದಕ್ಕೆ.

ಅಪ್ಪ ತಿಪಟೂರಿನ ಹತ್ತಿರ ಶಾಲೆ ಮೇಷ್ಟ್ರು. ಸೋದರಮಾವ ಕುವೈತ್‌ನಲ್ಲಿದ್ದ. 1981ರಲ್ಲಿ ಮಾವ ದುಡ್ಡು ಕಟ್ಟಿದ, ಕೆಲವೇ ತಿಂಗಳಲ್ಲಿ ಸ್ಕೂಟರ್ ಮನೆಗೆ ಬಂತು. ಅಮ್ಮ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದಳು. ನಾವು ಮಕ್ಕಳು ಊರೆಲ್ಲ ಹೇಳಿಕೊಂಡು ಬಂದೆವು. ಅದೇ ಶಾಲೆಯ ಹೆಡ್‌ಮಾಸ್ಟರು ಅಪ್ಪನಿಗಿಂತ ಮುಂಚೆಯೇ ಹೆಸರು ಬರೆಸಿ, ಐದು ವರ್ಷದಿಂದ ಕಾಯುತ್ತಿದ್ದರು. ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ಅಪ್ಪ ಸ್ಕೂಟರನ್ನು ಶಾಲೆಯ ಗೇಟಿನ ತನಕ ತರುತ್ತಿರಲಿಲ್ಲ. ಅರ್ಧ ಫರ್ಲಾಂಗು ಹಿಂದೆ ಹುಣಸೇಮರದ ಕೆಳಗೆ ನಿಲ್ಲಿಸಿ ನಡೆದು ಹೋಗುತ್ತಿದ್ದರು. "ಅಲ್ಲಿ ನೆರಳಿದೆ" ಅನ್ನುತ್ತಿದ್ದರು. ಶಾಲೆಯ ಮುಂದೆಯೂ ನೆರಳಿತ್ತು.

ಅಪ್ಪ ಕಾನೂನು ಮುರಿದಿರಲಿಲ್ಲ, ಲಂಚ ಕೊಟ್ಟಿರಲಿಲ್ಲ. ಹೆಡ್‌ಮಾಸ್ಟರ ಸ್ಕೂಟರ್ ಅಪ್ಪನಿಂದಾಗಿ ಒಂದು ದಿನ ತಡವಾಯಿತೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೂ ಅವರಿಗೆ ಮುಖ ಕೊಡೋಕೆ ಕಷ್ಟವಾಗುತ್ತಿತ್ತು. ಕಾದವರ ಮುಖ ದಿನಾ ಕಣ್ಣೆದುರು ಇತ್ತು, ಅದಕ್ಕೆ.

ಕನ್ನಡದಲ್ಲಿ ಎರಡು ಪದ ಇವೆ: ಸಾಲು ಮತ್ತು ಸರದಿ. ಸಾಲು ಕಣ್ಣಿಗೆ ಕಾಣುತ್ತೆ, ರೇಷನ್ ಅಂಗಡಿ ಮುಂದೆ ನಿಂತ ಜನರ ಹಾಗೆ. ಸರದಿ ಅಂದರೆ "ಈಗ ನನ್ನದು, ಆಮೇಲೆ ನಿನ್ನದು" ಅನ್ನುವ ಒಪ್ಪಂದ. ಉತ್ತರ ಕರ್ನಾಟಕದ ಕಡೆ ಪಾಳಿ ಅಂತಾರೆ. ಸಾಲು ಇದ್ದ ಕಡೆ ಸರದಿಯನ್ನು ಕಾಯೋಕೆ ಪೊಲೀಸ್ ಬೇಕಾಗಿಲ್ಲ. ಯಾರಾದರೂ ನಡುವೆ ತೂರಿದರೆ ಹಿಂದಿನವರೆಲ್ಲ ಕೂಗ್ತಾರೆ. ಟವೆಲ್‌ಗೆ ಅಧಿಕಾರ ಬರೋದೂ ಹೀಗೇ, ಬಸ್ಸಿನಲ್ಲಿರುವ ಎಲ್ಲರೂ ನೋಡ್ತಾರೆ ಅಂತ. ಫ್ಯಾಕ್ಟರಿ ಆರ್ಡರ್‌ನಲ್ಲಿ ನಮಗೆ ಸರದಿ ಇದೆ ಅಂತ ಹೇಳ್ತಾರೆ, ಆದರೆ ಸಾಲು ತೋರಿಸಲ್ಲ. ನನ್ನ ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ, ಒಂದೂ ಗೊತ್ತಿಲ್ಲ. ನಾಚಿಕೆ ಪಡೋಕೂ ಯಾರ ಮುಖವೂ ಇಲ್ಲ.

ಮಾತು ಕೊಟ್ಟವರು ಯಾರು ಅನ್ನೋದು ಕೂಡ ಅಲ್ಲಿ ಕಾಣಲ್ಲ. ಪುಣ್ಯಕೋಟಿಯ ಕತೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅಲ್ಲಿ ಮಾತು ಕೊಟ್ಟ ಹಸು ಒಂದೇ, ವಾಪಸ್ ಬಂದದ್ದೂ ಅದೇ. ಇಲ್ಲಿ ಸೇಲ್ಸ್‌ಮನ್ ಮ್ಯಾನೇಜರ್‌ನ ಕಡೆ, ಮ್ಯಾನೇಜರ್ ಫ್ಯಾಕ್ಟರಿಯ ಕಡೆ, ಫ್ಯಾಕ್ಟರಿ ಚಿಪ್ ಮಾಡುವವರ ಕಡೆ ಕೈ ತೋರಿಸ್ತಾರೆ. ಯಾರೂ ಸುಳ್ಳು ಹೇಳಿಲ್ಲ ಅನ್ನಬಹುದು, ಆದರೆ ಮಾತಿಗೆ ಒಡೆಯನೇ ಇಲ್ಲ.

ನನ್ನ ಲೆಕ್ಕದಲ್ಲಿ ತಪ್ಪು ಇರೋದು ಇಲ್ಲಿ. ಅಂಗಳದಲ್ಲಿ ಟ್ರಕ್ ಇರೋದು ತಪ್ಪಲ್ಲ. 7,000 ಡಾಲರ್ ಜಾಸ್ತಿ ಕೇಳೋದು ಸಣ್ಣತನ, ಆದರೆ ಅದನ್ನು ಗಾಜಿನ ಮೇಲೆ ಬರೆದು ಹಚ್ಚಿದ್ದಾರೆ, ಬೇಡ ಅಂದವರು ಬಿಡಬಹುದು. "ನಿಮ್ಮ ಸರದಿ ಬರುತ್ತೆ" ಅಂತ ಮುಂಗಡ ತಗೊಂಡು, ತಮಗೆ ಈ ವರ್ಷ ಸಿಗುವ ಪಾಲು ಎಷ್ಟು, ಮುಂದೆ ಎಷ್ಟು ಜನ ಇದ್ದಾರೆ ಅಂತ ಮುಚ್ಚಿಟ್ಟರೆ, ಅದು ದೊಡ್ಡ ತಪ್ಪು. ನಾನು ಕೊಟ್ಟ 500 ಡಾಲರ್ ವಾಪಸ್ ಸಿಗುತ್ತೆ. ಕಾದ ತಿಂಗಳುಗಳು ಸಿಗಲ್ಲ.

ಇಷ್ಟು ತೀರ್ಮಾನ ಮಾಡಿಕೊಂಡು ನೆಮ್ಮದಿಯಾಗಿದ್ದಾಗ ಸೇಲ್ಸ್‌ಮನ್ ಫೋನ್ ಬಂತು. 2022ರ ಜುಲೈ. "ನಿಮ್ಮದರ ಹಾಗೇ ಇರುವ ಒಂದು ಟ್ರಕ್ ಬಂದಿದೆ. ಬೇರೆಯವರ ಆರ್ಡರ್. ಛಾವಣಿ ಕೆಲಸದವನು. ಬಡ್ಡಿ ಏರಿದ್ದರಿಂದ ಅವನ ಲೋನ್ ಇನ್ನೂ ಆಗಿಲ್ಲ. ನಮ್ಮ ನಿಯಮ ಮೂರು ದಿನ, ಅದು ಮುಗೀತು. ಪಟ್ಟಿ ಬೆಲೆಗೇ ಕೊಡ್ತೀವಿ. ಇವತ್ತು ಬರ್ತೀರಾ?"

ಎಂಟು ತಿಂಗಳಲ್ಲಿ ಮೊದಲ ಸಲ ಸಾಲಿನಲ್ಲಿ ಒಬ್ಬ ಮನುಷ್ಯ ಕಂಡ.

ನಾನು ಶನಿವಾರದ ತನಕ ಕೊಡಿ ಅಂದೆ. ಇನ್ನೊಬ್ಬರು ಕೇಳ್ತಿದ್ದಾರೆ ಅಂತ ಅವನಿಗೆ ತಿಳಿಸಿ, ಶನಿವಾರವೂ ಆಗದಿದ್ದರೆ ನಾನು ತಗೊಳ್ತೀನಿ ಅಂದೆ. ಅವನು ಶುಕ್ರವಾರ ಬಂದು ತಗೊಂಡು ಹೋದ. ನಮ್ಮ ಟ್ರಕ್ ಬಂದದ್ದು ಅಕ್ಟೋಬರ್‌ನಲ್ಲಿ. ನಡುವಿನ ಮೂರು ತಿಂಗಳು ಬಾಡಿಗೆ ಗಾಡಿ.

ನನ್ನ ಹೆಂಡತಿ ಇದನ್ನು ಒಪ್ಪಲಿಲ್ಲ, ಇವತ್ತಿಗೂ ಒಪ್ಪಲ್ಲ. "ನಿಯಮದ ಪ್ರಕಾರ ಅವನ ಸರದಿ ಮುಗಿದಿತ್ತು. ಬೆಂಡೆಕಾಯಿ ನಿನ್ನ ನ್ಯಾಯಕ್ಕೆ ಕಾಯುತ್ತಾ? ಅವನ ಮೇಲೆ ಕನಿಕರ ತೋರಿಸಿದ್ದು ನೀನು, ಬಾಡಿಗೆ ಕಟ್ಟಿದ್ದು ಇಬ್ಬರೂ" ಅಂತಾಳೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಇನ್ನೊಬ್ಬರ ಕರ್ಚಿನಲ್ಲಿ ಒಳ್ಳೆಯವನಾಗೋದು ಸುಲಭ, ಆ ಮಾತು ನಿಜ. ನಾನು ಹೇಳಬಲ್ಲದ್ದು ಇಷ್ಟೇ: ಮೂರು ದಿನದ ನಿಯಮ ಮಾಡಿದವರು ನಮ್ಮನ್ನು ಎಂಟು ತಿಂಗಳು ಕಾಯಿಸಿದವರೇ. ತಮ್ಮ ತಡಕ್ಕೆ ಮಿತಿ ಇಡದವರು ಗಿರಾಕಿಯ ತಡಕ್ಕೆ ಮೂರು ದಿನ ಇಟ್ಟರು. ಆ ನಿಯಮದಿಂದ ನನಗೆ ಲಾಭ ಬಂತು ಅಂದ ತಕ್ಷಣ ಅದು ನ್ಯಾಯ ಅಂತ ನನಗೆ ಅನಿಸಲಿಲ್ಲ.

ನೀವು ಈಗ ಟ್ರಕ್ ಅಥವಾ ಕಾರು ಆರ್ಡರ್ ಮಾಡೋಕೆ ಹೊರಟಿದ್ದರೆ, ಮುಂಗಡ ಕೊಡೋಕೆ ಮುಂಚೆ ಮೂರು ಪ್ರಶ್ನೆ ಕೇಳಿ. ಈ ಮಾಡೆಲ್‌ನಲ್ಲಿ ನಿಮಗೆ ಸಿಗುವ ಪಾಲು ಎಷ್ಟು? ನನ್ನ ಮುಂದೆ ಎಷ್ಟು ಆರ್ಡರ್ ಇವೆ? ನಾನು ಕೇಳಿದ್ದರಲ್ಲಿ ಯಾವ ಭಾಗಕ್ಕೆ ಕೊರತೆ ಇದೆ? ಬೆಲೆಯನ್ನು ಬರೆದು ಕೊಡಿ ಅಂತಲೂ ಕೇಳಿ. ಉತ್ತರ ಕೊಡದವರ ಹತ್ತಿರ ಟವೆಲ್ ಹಾಕಬೇಡಿ.

ಅಪ್ಪ ಆ ಸ್ಕೂಟರ್ ಬೇಡ ಅನ್ನಬೇಕಿತ್ತಾ? ಹಾಗಂತ ನನಗೆ ಅನಿಸಲ್ಲ. ಅಮ್ಮನನ್ನು ರಾತ್ರಿ ಆಸ್ಪತ್ರೆಗೆ ಕರಕೊಂಡು ಹೋದದ್ದು ಅದರಲ್ಲೇ. ಆದರೆ ಮೂರೂವರೆ ವರ್ಷದ ನಂತರ ಹೆಡ್‌ಮಾಸ್ಟರ ಸ್ಕೂಟರ್ ಬಂದ ದಿನ ಅಪ್ಪ ಸಿಹಿ ತಂದು ನಮಗೆಲ್ಲ ಹಂಚಿದರು. ಮಾರನೇ ದಿನದಿಂದ ತಮ್ಮ ಸ್ಕೂಟರನ್ನೂ ಶಾಲೆಯ ಗೇಟಿನೊಳಗೇ ನಿಲ್ಲಿಸತೊಡಗಿದರು.