ದಿನಕ್ಕೊಂದು ಗೆರೆ

ಚಿತ್ರ ಬಿಡಿಸುವ ಮಗುವಿಗೆ ನಮ್ಮ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಚೆನ್ನಾಗಿದ್ದರೆ ‘ಸ್ಪರ್ಧೆಗೆ ಕಳಿಸೋಣ’, ಇಲ್ಲವಾದರೆ ‘ಹೋಗಿ ಓದಿಕೋ’. ಎರಡರ ಹಿಂದಿರುವ ಭಾವನೆ ಒಂದೇ, ಫಲ ಕಾಣದ ಕೆಲಸ ವ್ಯರ್ಥ. ಕೆಲವೇ ವರ್ಷಗಳಲ್ಲಿ ಆ ಮಗು ಪೆನ್ಸಿಲ್ ಕೆಳಗಿಡುತ್ತದೆ. ದೊಡ್ಡವರಾದ ಮೇಲೆ ‘ನಮಗೆ ಚಿತ್ರ ಬರುವುದಿಲ್ಲ’ ಎಂದು ನಾವೇ ಹೇಳಿಕೊಳ್ಳುತ್ತೇವೆ.

ಎಂದೋ ಒಮ್ಮೆ ಮತ್ತೆ ಉತ್ಸಾಹ ಬರುತ್ತದೆ. ದುಬಾರಿ ಬಣ್ಣ ತಂದು, ದಿನಕ್ಕೊಂದು ಗಂಟೆ ಬಿಡಿಸುವ ಶಪಥ ಮಾಡುತ್ತೇವೆ. ನಾಲ್ಕನೇ ದಿನ ತಪ್ಪುತ್ತದೆ. ಐದನೇ ದಿನ ನಾಚಿಕೆಯಿಂದ ಪುಸ್ತಕ ತೆರೆಯುವುದೇ ಇಲ್ಲ. ನಮ್ಮನ್ನು ಸೋಲಿಸಿದ್ದು ಸೋಮಾರಿತನವೇ, ನಮ್ಮ ಮೇಲೆ ನಾವೇ ತೋರಿದ ನಿರ್ದಯೆಯೇ?

ಅಲ್ಪವಾದರೂ ನಿರಂತರವಾದ ಕರ್ಮ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬುದು ಪ್ರವಾದಿವರ್ಯರ(ಸ) ಬೋಧನೆಯ ಸಾರ. ಆರಾಧನೆಯ ಕುರಿತ ಈ ವಿವೇಕ ಬದುಕಿನ ಇತರ ಕೆಲಸಗಳಿಗೂ ದಾರಿ ತೋರುತ್ತದೆ. ಅರಬಿ ಲಿಪಿಕಲೆ ಕಲಿಯುವವರು ಒಂದೇ ಅಕ್ಷರವನ್ನು ಮತ್ತೆ ಮತ್ತೆ ಬರೆಯುವ ಅಭ್ಯಾಸಕ್ಕೆ ‘ಮಶ್ಕ್’ ಎನ್ನುತ್ತಾರೆ. ಹತ್ತನೇ ಶತಮಾನದ ಬಗ್ದಾದಿನ ಇಬ್ನು ಮುಕ್ಲಾ ಅಕ್ಷರಗಳಿಗೆ ಪ್ರಮಾಣಬದ್ಧ ರೂಪ ಕೊಟ್ಟವರೆಂದು ಪ್ರಸಿದ್ಧರು. ಜೊಂಡಿನ ಲೇಖನಿಯ ತುದಿ ಮೂಡಿಸುವ ಚುಕ್ಕಿಯೇ ಆ ಪರಂಪರೆಯಲ್ಲಿ ಅಳತೆಗೋಲು. ನಮ್ಮೂರಿನ ಅಂಗಳಗಳಲ್ಲಿ ರಂಗೋಲಿಯೂ ಚುಕ್ಕಿಯಿಂದಲೇ ಆರಂಭವಾಗುತ್ತದೆ. ಬೆಳಿಗ್ಗೆ ಬಿಡಿಸಿದ್ದು ಸಂಜೆಯೊಳಗೆ ತುಳಿತಕ್ಕೆ ಅಳಿಸಿಹೋಗುತ್ತದೆ. ನಿನ್ನೆಯ ಎಳೆ ಸೊಟ್ಟಗಾಯಿತೆಂದು ಇಂದು ಯಾರೂ ರಂಗೋಲಿ ನಿಲ್ಲಿಸುವುದಿಲ್ಲ.

ಹಾಗಾದರೆ ಮೃದುತ್ವವೆಂಬುದು ಸಡಿಲತೆಗೆ ಇನ್ನೊಂದು ಹೆಸರೇ? ಅಲ್ಲ. ನಾವು ರಿಯಾಯಿತಿ ಕೊಡಬೇಕಾದದ್ದು ಫಲಕ್ಕೆ, ಕುಳಿತುಕೊಳ್ಳುವುದಕ್ಕಲ್ಲ. ಹಳೆಯ ನೋಟ್‌ಬುಕ್ಕಿನ ಒಂದು ಪುಟ, ಒಂದು ಪೆನ್ನು, ಐದು ನಿಮಿಷ ಸಾಕು. ಜೀವಿಗಳ ಚಿತ್ರದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಒಂದು ಎಲೆಯ, ಒಂದು ಚಹಾ ಲೋಟದ ಮುಂದೆ ಕುಳಿತುಕೊಳ್ಳಲು ಆ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಎರಡು ಬಿಡಿಸುವ ದಂಡ ಬೇಡ, ಒಂದೇ ಸಾಕು.

ಬಾಳೆ ಎಲೆಯನ್ನು ದಿನವೂ ಕಾಣುವ ನಾವು ಬಿಡಿಸಲು ಕುಳಿತಾಗ ತಡವರಿಸುತ್ತೇವೆ. ನರಗಳು ನಡುದಂಟಿನಿಂದ ಹೇಗೆ ಹೊರಟು ಅಂಚಿನತ್ತ ಹೇಗೆ ಬಾಗುತ್ತವೆ? ನಾವು ನೋಡಿಯೇ ಇರಲಿಲ್ಲ. ಎಲೆಯ ವಿಷಯದಲ್ಲೇ ಹೀಗಾದರೆ, ಒಂದೇ ನೋಟಕ್ಕೆ ನಾವು ತೀರ್ಪು ಕೊಟ್ಟು ಕಳಿಸಿದ ಮನುಷ್ಯರ ವಿಷಯದಲ್ಲಿ ಎಷ್ಟು ತಪ್ಪಿರಬೇಡ? ದಿನಕ್ಕೆ ಐದು ನಿಮಿಷ ಅವಸರವಿಲ್ಲದೆ ನೋಡಲು ಕಲಿತ ಕಣ್ಣು, ಅವರನ್ನೂ ಇನ್ನೊಮ್ಮೆ ನೋಡೀತು.