ತಮಾಷೆಯೋ, ಮಸ್ಕರಿಯೋ?

ಹಳದಿ ಬಣ್ಣದ ದುಂಡು ಮುಖ. ಒಂದು ಕಣ್ಣು ಮುಚ್ಚಿದೆ, ಇನ್ನೊಂದು ತೆರೆದಿದೆ, ನಾಲಿಗೆ ಹೊರಗೆ ಚಾಚಿದೆ. ಮೊಬೈಲ್ ಹಿಡಿದವರಿಗೆಲ್ಲ ಈ ಎಮೋಜಿಯ ಪರಿಚಯವಿದೆ. ಗೆಳೆಯನ ಹೊಟ್ಟೆಯ ಬಗ್ಗೆಯೋ ಭಾವನ ಜಿಪುಣತನದ ಬಗ್ಗೆಯೋ ಏನಾದರೂ ಬರೆದು ಕೊನೆಗೆ ಇದನ್ನು ಒತ್ತುತ್ತೇವೆ. 'ತಮಾಷೆಗೆ ಹೇಳಿದೆ, ಬೇಜಾರು ಮಾಡ್ಕೋಬೇಡ' ಎಂಬ ಮಾತನ್ನು ಅದು ನಮ್ಮ ಪರವಾಗಿ ಹೇಳುತ್ತದೆ. ಇಷ್ಟೇ ಆಗಿದ್ದರೆ ಇದರ ಬಗ್ಗೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಇನ್ನೊಬ್ಬರ ಮೈಬಣ್ಣ, ಜಾತಿ, ಧರ್ಮ, ಕಸುಬುಗಳನ್ನು ಹೀನಾಯವಾಗಿ ಆಡಿಕೊಂಡ ಮಾತಿನ ಕೊನೆಗೂ ಇದೇ ಮುಖ ಬಂದು ಕೂರುತ್ತಿದೆ. ಆಡಿದ ಮಾತಿನ ಹೊಣೆಯನ್ನು ಒಂದು ಚಿತ್ರ ಇಳಿಸಬಲ್ಲದೇ?

ಈ ಮುಖಗಳು ಹುಟ್ಟಿದ್ದು ಪ್ರಾಮಾಣಿಕವಾದ ಅಗತ್ಯದಿಂದಲೇ. ಎದುರುಬದುರು ಕೂತು ಮಾತಾಡುವಾಗ ದನಿ, ಹುಬ್ಬು, ತುಟಿಯಂಚಿನ ನಗು ಮಾತಿನ ಅರ್ಥವನ್ನು ಕಾಯುತ್ತವೆ. ಬರಹಕ್ಕೆ ಆ ಕಾವಲು ಇಲ್ಲ. 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ ಅವರು, ಕಂಪ್ಯೂಟರಿನಲ್ಲಿ ಬರೆದ ತಮಾಷೆಯನ್ನು ಓದುವವರು ನಿಜವೆಂದು ತಿಳಿಯದಿರಲಿ ಎಂದು ವಿರಾಮ ಚಿಹ್ನೆಗಳನ್ನೇ ಜೋಡಿಸಿ ಅಡ್ಡ ಮಲಗಿದ ನಗುಮುಖವೊಂದನ್ನು ಸೂಚಿಸಿದರು. 1999ರಲ್ಲಿ ಜಪಾನಿನ ಶಿಗೆತಾಕಾ ಕುರಿತಾ ಮೊಬೈಲ್ ಕಂಪನಿಯೊಂದಕ್ಕಾಗಿ 176 ಪುಟ್ಟ ಚಿತ್ರಗಳನ್ನು ರೂಪಿಸಿದರು. ಜಪಾನಿಯಲ್ಲಿ 'ಎ' ಎಂದರೆ ಚಿತ್ರ, 'ಮೋಜಿ' ಎಂದರೆ ಅಕ್ಷರ. 2010ರಲ್ಲಿ ಕಣ್ಣು ಹೊಡೆದು ನಾಲಿಗೆ ಚಾಚಿದ ಈ ಮುಖಕ್ಕೂ ಯೂನಿಕೋಡ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಕನ್ನಡದ ಅ, ಆ, ಉರ್ದುವಿನ ಅಲಿಫ್, ಬೇ ಇರುವುದೂ ಅದೇ ಪಟ್ಟಿಯಲ್ಲಿ.

ಪಟ್ಟಿ ಒಂದೇ ಆದರೂ ಊರಿಂದ ಊರಿಗೆ ಈ ಮುಖದ ಅರ್ಥ ಒಂದೇ ಅಲ್ಲ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ, ನಾಲಿಗೆ ಚಾಚಿದ ಮುಖ ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿಬೊಂಬೆಯಾಗಿ ತೂಗಾಡುತ್ತದೆ. ಕೆಟ್ಟ ಕಣ್ಣನ್ನು ಹೆದರಿಸುವುದು ಅದರ ಕೆಲಸ. ಮಕ್ಕಳು ನಾಲಿಗೆ ಚಾಚಿದರೆ ಅಣಕ. ದೊಡ್ಡವರು ನಾಲಿಗೆ ಕಚ್ಚಿಕೊಂಡರೆ ನಾಚಿಕೆ. ಗಂಡಸು ಪರ ಹೆಣ್ಣಿಗೆ ಕಣ್ಣು ಹೊಡೆದರೆ ಪಂಚಾಯ್ತಿ ಸೇರುತ್ತದೆ. ಟಿಬೆಟಿಯನ್ನರ ಹಳೆಯ ಪದ್ಧತಿಯಲ್ಲಿ ನಾಲಿಗೆ ತೋರಿಸುವುದು ಎದುರಿನವರಿಗೆ ಸಲ್ಲಿಸುವ ಮರ್ಯಾದೆ. ನ್ಯೂಜಿಲೆಂಡಿನ ಮಾವೊರಿಗಳ ಹಾಕಾ ಕುಣಿತದಲ್ಲಿ ಅದು ಎದುರಾಳಿಗೆ ಹಾಕುವ ಸವಾಲು. 1951ರಲ್ಲಿ ತಮ್ಮ 72ನೆಯ ಹುಟ್ಟುಹಬ್ಬದ ದಿನ ಐನ್‌ಸ್ಟೈನ್ ಪತ್ರಿಕಾ ಛಾಯಾಗ್ರಾಹಕರತ್ತ ನಾಲಿಗೆ ಚಾಚಿದ್ದು ಜಗತ್ಪ್ರಸಿದ್ಧ ತುಂಟತನ. ಅಂದರೆ ಅರ್ಥವಿರುವುದು ನಾಲಿಗೆಯಲ್ಲಿ ಅಲ್ಲ. ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಅದನ್ನು ತೋರಿಸಿದರು ಎಂಬುದರಲ್ಲಿದೆ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮದುವೆ ಮನೆಯಲ್ಲಿ ಬೀಗರ ಹಾಡು ಹಾಡಿ ಬೀಗಿತ್ತಿಯ ಮಾನ ಕಳೆಯುತ್ತಿದ್ದರು. ಅವಳ ಕಡೆಯವರೂ ಸುಮ್ಮನಿರುತ್ತಿರಲಿಲ್ಲ, ಪದಕ್ಕೆ ಪದ ಹಾಕುತ್ತಿದ್ದರು. ನಮ್ಮ ನಿಕಾಹ್‌ಗಳಲ್ಲಿ ನಾದಿನಿಯರು ವರನ ಚಪ್ಪಲಿ ಬಚ್ಚಿಟ್ಟು ಕಾಸು ಕೀಳುತ್ತಾರೆ. ಮೂಡಲಪಾಯದ ಆಟದಲ್ಲಿ ಕೋಡಂಗಿ ರಂಗಕ್ಕೆ ಬಂದು ಎಲ್ಲರನ್ನೂ ಗೇಲಿ ಮಾಡುತ್ತಾನೆ. ಎಲ್ಲರಿಗಿಂತ ಹೆಚ್ಚಾಗಿ ತನ್ನನ್ನು. ಇಲ್ಲೆಲ್ಲ ಮೂರು ಕಟ್ಟುಗಳಿವೆ. ಇದು ಆಟವೆಂದು ಇಬ್ಬರಿಗೂ ಗೊತ್ತು. ತಿರುಗಿ ಆಡುವ ಹಕ್ಕು ಇಬ್ಬರಿಗೂ ಉಂಟು. ಆಟ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ.

ಭಾಷೆಯೂ ಈ ಭೇದವನ್ನು ಬಲ್ಲದು. ಕನ್ನಡದ 'ತಮಾಷೆ' ಪಾರ್ಸಿಯ ಮೂಲಕ ಬಂದ ಅರಬ್ಬೀ ಪದ. ಅದರ ಮೂಲಾರ್ಥ ಜೊತೆಯಾಗಿ ನಡೆದಾಡುವುದು. ನಮ್ಮ ದಖ್ಖನಿ ಮನೆಗಳ 'ಮಸ್ಕರಿ', ಉತ್ತರ ಕರ್ನಾಟಕದವರ 'ಮಸ್ಕಿರಿ' ಕೂಡ ಅರಬ್ಬಿಯಿಂದಲೇ ಬಂದದ್ದು. ಅದರ ಬೇರು ಇನ್ನೊಬ್ಬರನ್ನು ನಗೆಪಾಟಲು ಮಾಡುವುದು. ದಿನಬಳಕೆಯಲ್ಲಿ ಎರಡನ್ನೂ ಒಂದೇ ಎಂಬಂತೆ ಆಡುತ್ತೇವೆ. ಆದರೆ ಒಂದರಲ್ಲಿ ಇಬ್ಬರು ಜೊತೆಗೆ ನಡೆಯುತ್ತಾರೆ; ಇನ್ನೊಂದರಲ್ಲಿ ಒಬ್ಬ ನಿಂತಿರುತ್ತಾನೆ, ಮತ್ತೊಬ್ಬ ಬಿದ್ದಿರುತ್ತಾನೆ. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 11ನೆಯ ಸೂಕ್ತ ಒಂದು ಜನ ಇನ್ನೊಂದು ಜನವನ್ನು ಗೇಲಿ ಮಾಡುವುದನ್ನೂ ಅಡ್ಡಹೆಸರಿಟ್ಟು ಕರೆಯುವುದನ್ನೂ ನಿಷೇಧಿಸುತ್ತದೆ. ಅಲ್ಲಿ ಬಳಸಿದ ಕ್ರಿಯಾಪದ ಈ ಮಸ್ಕರಿಯ ಬೇರಿನದೇ.

ಹಾಗೆಂದು ಧರ್ಮ ನಗುವನ್ನು ಬೇಡವೆನ್ನಲಿಲ್ಲ. ಸವಾರಿಗೆ ಒಂಟೆ ಕೇಳಿ ಬಂದವನಿಗೆ ಪ್ರವಾದಿಯವರು ಒಂಟೆಯ ಮರಿಯನ್ನು ಕೊಡುವುದಾಗಿ ಹೇಳಿದರು. ಮರಿಯ ಮೇಲೆ ಸವಾರಿ ಹೇಗೆಂದು ಆತ ಕಂಗಾಲಾದಾಗ, ಎಲ್ಲ ಒಂಟೆಯೂ ಒಂದು ಒಂಟೆಯ ಮರಿಯೇ ಅಲ್ಲವೇ ಎಂದು ಕೇಳಿದರು. ಸುಳ್ಳಿಲ್ಲ, ಕೊನೆಗೆ ಕೇಳಿದವನೂ ನಗುತ್ತಾನೆ. ಅಬೂದಾವೂದ್ ಸಂಗ್ರಹದಲ್ಲಿ ಇನ್ನೊಂದು ಪ್ರಸಂಗವಿದೆ. ಪ್ರಯಾಣದ ನಡುವೆ ಮಲಗಿದ್ದವನೊಬ್ಬನ ಹಗ್ಗವನ್ನು ಸಂಗಡಿಗರು ಎತ್ತಿಕೊಂಡರು. ಆತ ಬೆಚ್ಚಿಬಿದ್ದ. ಒಬ್ಬ ಮುಸ್ಲಿಮನನ್ನು ಹೆದರಿಸುವುದು ಇನ್ನೊಬ್ಬ ಮುಸ್ಲಿಮನಿಗೆ ಸಲ್ಲದೆಂದು ಪ್ರವಾದಿಯವರು ತಿಳಿಸಿದರು. ಅವರು ಲೆಕ್ಕಕ್ಕೆ ಹಿಡಿದದ್ದು ಹಗ್ಗ ತೆಗೆದವರ ಉದ್ದೇಶವನ್ನಲ್ಲ, ಬೆಚ್ಚಿದವನ ಎದೆಬಡಿತವನ್ನು.

ಇಂದಿನ ಮಸ್ಕರಿ ಈ ಅಳತೆಯಲ್ಲಿ ಎಲ್ಲಿ ನಿಲ್ಲುತ್ತದೆ? ಕನ್ನಡದ ನಾಟಕ, ಸಿನಿಮಾಗಳಲ್ಲಿ 'ನಿಮ್ದುಕೆ, ನಮ್ದುಕೆ' ಎನ್ನುವ ಸಾಬರ ಪಾತ್ರ ಬಹಳ ಕಾಲ ಜನರನ್ನು ನಗಿಸಿತು. ಸಂತೆಯಲ್ಲಿ ಗೌಡರು ಹಾಗೆ ಅಣಕಿಸಿದರೆ ಸಾಬರು ಗೌಡರ ಉರ್ದುವನ್ನು ಅಣಕಿಸಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಅದು ತಮಾಷೆ. ನೂರಾರು ಜನರ ವಾಟ್ಸಾಪ್ ಗುಂಪಿನಲ್ಲಿ 'ಪಂಕ್ಚರ್ ಹಾಕೋರು' ಎಂಬ ಮಾತಿನ ಮುಂದೆ ನಾಲಿಗೆ ಚಾಚಿದ ಮುಖ ಬಂದಾಗ, ಆ ಗುಂಪಿನಲ್ಲಿರುವ ಒಬ್ಬನೇ ಮುಸ್ಲಿಮ್ ಹುಡುಗನಿಗೆ ಎರಡೇ ದಾರಿ: ತಾನೂ ನಕ್ಕಂತೆ ಮಾಡುವುದು, ಇಲ್ಲವೇ 'ತಮಾಷೆ ಅರ್ಥವಾಗದವನು' ಎನ್ನಿಸಿಕೊಳ್ಳುವುದು. ಎಮೋಜಿ ಇಲ್ಲಿ ನಿರೀಕ್ಷಣಾ ಜಾಮೀನಿನ ಕೆಲಸ ಮಾಡುತ್ತದೆ. 2021ರ ಜುಲೈನಲ್ಲಿ 'ಸುಲ್ಲಿ ಡೀಲ್ಸ್', 2022ರ ಜನವರಿಯಲ್ಲಿ 'ಬುಲ್ಲಿ ಬಾಯಿ' ಎಂಬ ಆ್ಯಪ್‌ಗಳು ಮುಸ್ಲಿಮ್ ಹೆಣ್ಣುಮಕ್ಕಳ ಚಿತ್ರಗಳನ್ನು ಹರಾಜಿಗಿಟ್ಟಂತೆ ತೋರಿಸಿದವು. ಎರಡನೆಯದರಲ್ಲಿ ಬಂಧಿತರಾದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಮಸ್ಕರಿಗೆ ಲಗಾಮಿಲ್ಲದಾಗ ಅದು ಹೋಗಿ ನಿಲ್ಲುವ ಜಾಗ ಅದು.

ಬೆರಳನ್ನು ಹೊರಗೆ ಮಾತ್ರ ತೋರಿಸಿದರೆ ನ್ಯಾಯವಾಗದು. ನಮ್ಮವರ ಗುಂಪುಗಳಲ್ಲಿ ಪಿಂಜಾರರ ಕನ್ನಡ, ದಖ್ಖನಿಯ 'ನಕ್ಕೋ', ಕಪ್ಪು ಹುಡುಗಿಯ ಬಣ್ಣ, ವರದಕ್ಷಿಣೆ ತರದ ಸೊಸೆ, ಮುಅಜ್ಜಿನ್ ಸಾಹೇಬರ ಬಡತನ ನಗೆಗೆ ಗುರಿಯಾಗುತ್ತಿಲ್ಲವೇ? ಬೇರೆಯವರು ನಮ್ಮನ್ನು ಆಡಿಕೊಂಡಾಗ ನೆನಪಾಗುವ ಸೂಕ್ತ, ನಾವು ಆಡಿಕೊಳ್ಳುವಾಗಲೂ ನೆನಪಿರಬೇಕು.

ಕಾನೂನು ಇದನ್ನೆಲ್ಲ ತಿದ್ದಲಾರದು, ತಿದ್ದಲು ಹೊರಡಲೂಬಾರದು. 2018ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ, ವಾಟ್ಸಾಪ್ ಗುಂಪಿನಲ್ಲಿ ನಗುವ ಎಮೋಜಿ ಹಾಕಿದ್ದಕ್ಕೆ ಮಹಿಳಾ ಅಧಿಕಾರಿಯೊಬ್ಬರು ಸಹೋದ್ಯೋಗಿಗಳ ಮೇಲೆ ಹೂಡಿದ್ದ ಮೊಕದ್ದಮೆಯನ್ನು ರದ್ದುಪಡಿಸಿತು. ಪ್ರತಿ ನಗುಮುಖವೂ ಠಾಣೆಯ ಮೆಟ್ಟಿಲೇರಿದರೆ ತಮಾಷೆಯೇ ಸತ್ತುಹೋದೀತು. ಆದರೆ ಕೋರ್ಟು ಬಿಟ್ಟುಕೊಟ್ಟ ಜಾಗ ನಮ್ಮ ಮನಸ್ಸಾಕ್ಷಿಯ ಜಾಗ.

ಅದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ. ಕಳಿಸುವ ಮುನ್ನ ಕೊನೆಯ ಆ ಮುಖವನ್ನು ಅಳಿಸಿ ಮಾತನ್ನು ಮತ್ತೊಮ್ಮೆ ಓದೋಣ. ಚಹಾದಂಗಡಿಯ ಬೆಂಚಿನ ಮೇಲೆ, ಆ ಮನುಷ್ಯನ ಪಕ್ಕದಲ್ಲೇ ಕೂತು, ಅವನ ಮಗಳ ಎದುರಿಗೆ ಇದೇ ಮಾತನ್ನು ಆಡಬಲ್ಲೆವೇ? ಆಡಬಲ್ಲೆವಾದರೆ ಧಾರಾಳವಾಗಿ ನಾಲಿಗೆ ಚಾಚೋಣ, ಅವನೂ ಚಾಚಲಿ. ಇಲ್ಲವಾದರೆ ಆ ಮಾತಿಗೆ ಯಾವ ಮುಖವನ್ನು ಅಂಟಿಸಿದರೂ ಅದು ನಮ್ಮ ಮುಖವೇ.